ಬಿ ಮೈ ಐಸ್: ಕಣ್ಣು ಎರವಲು ಸಿಗುತ್ತದೆ, ಕೈ ಮಾತ್ರ ಪಳಗಬೇಕು
ಸ್ವತಃ ದೃಷ್ಟಿ ಮಂದವಾಗಿರುವ ಡೆನ್ಮಾರ್ಕ್‌ನ ಹಾನ್ಸ್ ಯಾರ್ಗನ್ ವಿಬರ್ಗ್ ರೂಪಿಸಿದ ಆ್ಯಪ್ ಇದು. 2015ರಲ್ಲಿ ಐಫೋನ್‌ಗೆ, 2017ರಲ್ಲಿ ಆಂಡ್ರಾಯ್ಡ್‌ಗೆ ಬಂತು. ಅಂಧರಿಗೆ ಉಚಿತ. ಕರೆ ಮಾಡಿದರೆ ಯಾರೋ ಸ್ವಯಂಸೇವಕರು ನಿಮ್ಮ ಕ್ಯಾಮೆರಾದಲ್ಲಿ ಕಾಣುವುದನ್ನು ನೋಡಿ ಹೇಳುತ್ತಾರೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸರಿಮಾಡಿಕೊಳ್ಳಿ. ಅದನ್ನು ನೋಡಿಯೇ ಆ್ಯಪ್ ನಿಮಗೂ ಸ್ವಯಂಸೇವಕರಿಗೂ ಜೋಡಿ ಹಾಕುವುದು.

ಎಡವಟ್ಟಾಗುವುದು ಹೆಚ್ಚಾಗಿ ಫೋನ್ ಹಿಡಿಯುವುದರಲ್ಲಿ. ಮಾತ್ರೆಯ ಪಟ್ಟಿಯನ್ನೇ (ಸ್ಟ್ರಿಪ್) ತೆಗೆದುಕೊಳ್ಳಿ: ಹಿಂಬದಿಯ ಹಾಳೆ ಮಿರಮಿರ ಹೊಳೆಯುತ್ತದೆ, ನೇರ ಬೆಳಕು ಬಿದ್ದರೆ ಅಕ್ಷರ ಬೆಳ್ಳಗೆ ಅಳಿಸಿಹೋಗುತ್ತದೆ. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಫೋನನ್ನು ಒಂದು ಗೇಣು ಎತ್ತರದಲ್ಲಿ ಹಿಡಿದು, ಪಟ್ಟಿಯನ್ನು ತುಸು ವಾಲಿಸಿ. "ಇದೇನು?" ಅನ್ನಬೇಡಿ, "ಎಕ್ಸ್‌ಪೈರಿ ತಿಂಗಳು, ವರ್ಷ ಓದಿ" ಅನ್ನಿ. ಗುಳಿಗೆ ಒಡೆದು ತೆಗೆದ ಕಡೆಯೇ ದಿನಾಂಕ ಹರಿದುಹೋಗಿರುವುದೂ ಉಂಟು. ದಿನಾಂಕವಿರುವ ತುದಿಯ ಗುಳಿಗೆಗಳನ್ನು ಕೊನೆಗೆ ಉಳಿಸಿ.

2023ರಲ್ಲಿ ಇದೇ ಆ್ಯಪ್‌ಗೆ ಸೇರಿದ ಬಿ ಮೈ ಎಐ ಎಂಬ ಕೃತಕ ಬುದ್ಧಿಮತ್ತೆ ಫೋಟೊ ನೋಡಿ ವಿವರಿಸುತ್ತದೆ. ಚೆನ್ನಾಗಿದೆ, ಆದರೆ ಇಲ್ಲದ್ದನ್ನೂ ಅಷ್ಟೇ ಧೈರ್ಯದಿಂದ ಹೇಳಬಲ್ಲದು. ಔಷಧಿಗೆ ಮನುಷ್ಯರೇ ವಾಸಿ. ಬ್ಯಾಂಕ್ ಕಾರ್ಡ್, ಒಟಿಪಿ ತೋರಿಸಬೇಡಿ, ಆ ಕಡೆ ಇರುವವರು ಅಪರಿಚಿತರು. ರಸ್ತೆ ದಾಟಲು ಬಿಳಿ ಕೋಲೇ ಸರಿ.