ಬೂಟ್ ಆದ ಕೂಡಲೇ ಸರ್ವಿಸ್ ಏಳಬೇಕೆಂದರೆ: ಕ್ರಾನ್, ಆರ್‌ಸಿ-ಲೋಕಲ್, ಸಿಸ್ಟಮ್‌ಡಿ

ಡೆಬಿಯನ್ 12 ಲಿನಕ್ಸ್ ಹಾಕಿದ ಪುಟ್ಟ ಕಂಪ್ಯೂಟರ್ ರಾಸ್‌ಬೆರಿ ಪೈ 4ರಲ್ಲಿ ಒಂದೇ ಪೈಥಾನ್ ಸ್ಕ್ರಿಪ್ಟನ್ನು ಮೂರು ಬಗೆಯಲ್ಲಿ ಓಡಿಸಿ ನೋಡಿದೆವು. ಸೆನ್ಸರ್ ಓದಿ ಸರ್ವರ್‌ಗೆ ಕಳಿಸುವುದಷ್ಟೇ ಅದರ ಕೆಲಸ. ಎಬ್ಬಿಸಲು ಮೂರಕ್ಕೂ ಬರುತ್ತದೆ. ನಡುವೆ ಬಿದ್ದರೆ ಎತ್ತುವವರು ಯಾರು ಎಂಬಲ್ಲೇ ವ್ಯತ್ಯಾಸ.

ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ತೀರಾ ಸುಲಭ. ಅದರ ಕೆಲಸಗಳ ಪಟ್ಟಿಯಾದ ಕ್ರಾಂಟ್ಯಾಬ್‌ನಲ್ಲಿ '@ರೀಬೂಟ್' ಸಾಲೊಂದು ಬರೆದರಾಯಿತು, ರೂಟ್ (ಅಡ್ಮಿನ್) ಅನುಮತಿಯೂ ಬೇಡ. ಆದರೆ ಕ್ರಾನ್‌ನ ಪಾಥ್, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ, ತುಂಬ ಚಿಕ್ಕದು. ಟರ್ಮಿನಲ್‌ನಲ್ಲಿ ಸರಾಗವಾಗಿ ಓಡಿದ್ದು ಇಲ್ಲಿ ಕಮಾಂಡೇ ಸಿಗದೆ ನಿಲ್ಲುತ್ತದೆ. ಪೈಥಾನ್‌ಗೂ ಸ್ಕ್ರಿಪ್ಟಿಗೂ ಪೂರ್ತಿ ಪಾಥ್ ಕೊಡಿ. ಔಟ್‌ಪುಟ್ ಮೇಲ್‌ಗೆ ಹೋಗುತ್ತದೆ, ಮೇಲ್ ವ್ಯವಸ್ಥೆ ಇಲ್ಲದಿದ್ದರೆ ಕಳೆದೇಹೋಗುತ್ತದೆ. ಹಾಗಾಗಿ ಲಾಗ್ ಫೈಲ್‌ಗೆ ತಿರುಗಿಸಲೇಬೇಕು. ಸ್ಕ್ರಿಪ್ಟ್ ಸತ್ತರೆ ಮುಂದಿನ ಬೂಟ್‌ವರೆಗೆ ಸತ್ತೇ ಇರುತ್ತದೆ.

ಬೂಟ್ ವೇಳೆ ಓಡುವ ಶೆಲ್ ಸ್ಕ್ರಿಪ್ಟ್ ಆರ್‌ಸಿ-ಲೋಕಲ್ ಹಳೆಯ ದಾರಿ. ಫೈಲನ್ನು ನಾವೇ ಸೃಷ್ಟಿಸಿ, ಮೊದಲ ಸಾಲಲ್ಲಿ ಶೆಲ್ ಹೆಸರಿಸಿ, 755 ಅನುಮತಿ ಕೊಡಬೇಕು. ಕಮಾಂಡ್ ಕೊನೆಗೆ '&' (ಹಿನ್ನೆಲೆಯಲ್ಲಿ ಓಡಿಸುವ ಚಿಹ್ನೆ) ಮರೆತರೆ ಕೆಳಗಿನ ಸಾಲುಗಳ ಸರದಿ ಬರುವುದೇ ಇಲ್ಲ. ಬೇರೆ ಏರ್ಪಾಡು ಮಾಡದಿದ್ದರೆ ಎಲ್ಲವೂ ರೂಟ್ ಆಗಿಯೇ ಓಡುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಇದು ಬೇಡ.

ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಹತ್ತು ಸಾಲಿನ ಯೂನಿಟ್ ಫೈಲ್ (ಏನನ್ನು ಹೇಗೆ ಓಡಿಸಬೇಕೆಂಬ ಸೂಚನೆ) ಬೇಕು, ಆ ಶ್ರಮ ಸಾರ್ಥಕ. 'ರೀಸ್ಟಾರ್ಟ್=ಆನ್-ಫೇಲ್ಯೂರ್' ಎಂದರೆ ಬಿದ್ದದ್ದನ್ನು ಅದೇ ಎತ್ತುತ್ತದೆ. ಹೆಚ್ಚಿನವರು ಎಡವುವುದೂ ಇಲ್ಲೇ. ಮರುಪ್ರಯತ್ನದ ನಡುವಿನ ಬಿಡುವು ಡೀಫಾಲ್ಟ್ ಆಗಿ 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಎದ್ದದ್ದು ಬಿದ್ದರೆ ಮತ್ತೆ ಎಬ್ಬಿಸುವುದಿಲ್ಲ. ವೈ-ಫೈ ಬರುವಷ್ಟರಲ್ಲಿ ಆ ಐದೂ ಮುಗಿದಿರುತ್ತವೆ. 'ರೀಸ್ಟಾರ್ಟ್‌ಸೆಕ್=5' ಇಟ್ಟರೆ ಈ ಮಿತಿ ತಾಗುವುದಿಲ್ಲ.

'ಆಫ್ಟರ್=ನೆಟ್‌ವರ್ಕ್.ಟಾರ್ಗೆಟ್' ಎಂದರೆ ನೆಟ್ ಬಂದಿದೆ ಎಂದಲ್ಲ. ಬೇಕಾದದ್ದು 'ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್', ಅದನ್ನು 'ವಾಂಟ್ಸ್', 'ಆಫ್ಟರ್' ಎರಡರಲ್ಲೂ ಬರೆಯಬೇಕು. 'ಆಫ್ಟರ್' ಸರದಿಯನ್ನಷ್ಟೇ ಹೇಳುತ್ತದೆ, ಯಾರನ್ನೂ ಕರೆಯುವುದಿಲ್ಲ.

ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ, ಬೂಟ್ ಆದಾಗ ಹಳೆಯ ಸಮಯವೇ ಇರುತ್ತದೆ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತಿರಸ್ಕಾರವಾದರೆ ಮೊದಲು 'ಡೇಟ್' ಕಮಾಂಡ್ ಕೊಟ್ಟು ನೋಡಿ.

ಯೂನಿಟ್ ಫೈಲ್ ತಿದ್ದಿದಾಗಲೆಲ್ಲ 'ಡೀಮನ್-ರೀಲೋಡ್' ಕೊಡಿ. 'ಸ್ಟಾರ್ಟ್' ಈಗಷ್ಟೇ ಓಡಿಸುತ್ತದೆ, ಬೂಟ್‌ಗೆ ಕಟ್ಟುವುದು 'ಎನೇಬಲ್'. ಸ್ಟೇಟಸ್‌ನಲ್ಲಿ 203 ಕಂಡರೆ ಪಾಥ್ ತಪ್ಪಿದೆ, ಇಲ್ಲವೇ ಫೈಲಿಗೆ ಎಕ್ಸಿಕ್ಯೂಟ್ ಅನುಮತಿ ಇಲ್ಲ; ಸ್ಕ್ರಿಪ್ಟಿನ ಒಳಗೆ ಹುಡುಕಬೇಡಿ.