ಮೂರು ಲೆಕ್ಕಿಗರು, ಒಂದು ಜಾಲತಾಣ: ನಾನು ಮಟೊಮೊ ಇಟ್ಟುಕೊಂಡೆ

ಕಳೆದ ವರ್ಷ ಹಣ ತೆತ್ತು ಒಂದು ಅನಲಿಟಿಕ್ಸ್ ಸೇವೆಗೆ, ಅಂದರೆ ತಾಣಕ್ಕೆ ಎಷ್ಟು ಜನ ಬಂದರು, ಏನು ನೋಡಿದರು ಎಂದು ಲೆಕ್ಕ ಇಡುವ ಸೇವೆಗೆ, ಚಂದಾದಾರನಾಗಿದ್ದೆ. ಹೆಸರು ಬೇಡ. ತಿಂಗಳಿಗೆ ಇಷ್ಟೇ ಪುಟವೀಕ್ಷಣೆ ಎಂಬ ಮಿತಿ ಅದಕ್ಕಿತ್ತು. ಐದನೆಯ ತಿಂಗಳಲ್ಲಿ ಎಲ್ಲಿಂದಲೋ ಬಾಟ್‌ಗಳ (ತಾವಾಗಿಯೇ ಪುಟ ತೆರೆಯುವ ತಂತ್ರಾಂಶಗಳ) ಹಿಂಡು ನುಗ್ಗಿ ಒಂದು ವಾರ ನನ್ನ ತಾಣದ ಮೂಲೆಮೂಲೆಯನ್ನೂ ಜಾಲಾಡಿತು. ಮಿತಿ ಮೀರಿತು. ಮೇಲಿನ ದರ್ಜೆಯ ಹಣ ಕಟ್ಟುವವರೆಗೆ ನನ್ನ ಅಂಕಿಅಂಶಗಳಿಗೆ ನನಗೇ ಬೀಗ. ಓದುಗರೇ ಅಲ್ಲದವರು ಬಂದುಹೋದದ್ದಕ್ಕೆ ನಾನೇಕೆ ದಂಡ ತೆರಬೇಕು ಎಂದು ಅಲ್ಲಿಗೇ ಬಿಟ್ಟೆ.

ಆಮೇಲೆ ಮೂರು ತಿಂಗಳು ಒಂದೇ ತಾಣದ ಮೇಲೆ ಮೂವರು ಲೆಕ್ಕಿಗರನ್ನು ಒಟ್ಟಿಗೆ ಕೂರಿಸಿದೆ: ಗೂಗಲ್ ಅನಲಿಟಿಕ್ಸ್ 4, ನನ್ನದೇ ಸರ್ವರ್‌ನಲ್ಲಿ ಹಾಕಿಕೊಂಡ ಮಟೊಮೊ, ಮತ್ತು ಸರ್ವರ್‌ನ ಲಾಗ್ ಕಡತವನ್ನು ಓದಿ ಹೇಳುವ ಗೋಆಕ್ಸೆಸ್. ಮೂರಕ್ಕೂ ಚಂದಾ ಇಲ್ಲ. ಮಟೊಮೊ ಗೆದ್ದಿತು, ಎರಡನೆಯ ವಾರದಲ್ಲೇ ಮನಸ್ಸು ಅತ್ತ ವಾಲಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಹಾಗೆಂದು ಅದು ನನ್ನನ್ನು ಕಾಡಲಿಲ್ಲವೆಂದಲ್ಲ. ಈ ಮೂರರಲ್ಲಿ ಅತಿ ಹೆಚ್ಚು ದಾರಿ ತಪ್ಪಿಸಿದ್ದೂ ಅದೇ.

ನನ್ನ ತಾಣ ಹೊಲಿಗೆ ಯಂತ್ರ ರಿಪೇರಿಯ ಬಗ್ಗೆ. ನೂರಿಪ್ಪತ್ತು ಪುಟಗಳು, ಒಂದಷ್ಟು ಪಿಡಿಎಫ್‌ಗಳು. ಮಾರುವುದೇನೂ ಇಲ್ಲ. ಹೀಗಾಗಿ ನನಗೆ ಬೇಕಿದ್ದ ಉತ್ತರ ಒಂದೇ: ಬಂದವರಿಗೆ ಹುಡುಕಿದ್ದು ಸಿಕ್ಕಿತೇ?

ಮೊದಲ ವಾರದ ಒಂದು ಮಂಗಳವಾರ ಗೋಆಕ್ಸೆಸ್ 1,840 ಭೇಟಿ ಎಂದಿತು, ಮಟೊಮೊ 412, ಗೂಗಲ್ 337. ಯಾವುದೂ ಸುಳ್ಳು ಹೇಳಿರಲಿಲ್ಲ. ಲಾಗ್‌ನಲ್ಲಿ ಸರ್ವರ್‌ನ ಬಾಗಿಲು ತಟ್ಟಿದವರೆಲ್ಲರೂ ದಾಖಲಾಗುತ್ತಾರೆ, ಬಾಟ್‌ಗಳೂ ಸೇರಿ. ಬಾಟ್‌ಗಳನ್ನು ಬಿಟ್ಟು ಎಣಿಸುವ ಆಯ್ಕೆ ಗೋಆಕ್ಸೆಸ್‌ನಲ್ಲಿದೆ, ಆದರೆ ತಾನು ಬಾಟ್ ಎಂದು ಒಪ್ಪಿಕೊಳ್ಳುವ ಸಭ್ಯ ಬಾಟ್‌ಗಳು ಮಾತ್ರ ಅದರ ಕೈಗೆ ಸಿಗುತ್ತವೆ. ಉಳಿದ ಎರಡು ಸಾಧನಗಳು ಪುಟದೊಳಗೆ ಹಾಕಿದ ಜಾವಾಸ್ಕ್ರಿಪ್ಟ್ ಎಂಬ ಕೋಡ್ ಓದುಗರ ಬ್ರೌಸರ್‌ನಲ್ಲಿ ಓಡಿದರೆ ಮಾತ್ರ ಎಣಿಸುತ್ತವೆ. ಜಾಹೀರಾತು ತಡೆಯುವ ಪ್ಲಗಿನ್ ಹಾಕಿಕೊಂಡವರಲ್ಲಿ ಅನೇಕರು ಗೂಗಲ್‌ನ ಲೆಕ್ಕಕ್ಕೆ ಸಿಗುವುದಿಲ್ಲ. ಮಟೊಮೊದ ಕಡತದ ಹೆಸರೂ ಕೆಲವು ತಡೆಪಟ್ಟಿಗಳಲ್ಲಿದೆ, ಆದ್ದರಿಂದ ಅದೂ ಪೂರ್ತಿ ಲೆಕ್ಕವಲ್ಲ. ಅಂದಿನಿಂದ ಒಂದರ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದನ್ನು ಬಿಟ್ಟಿದ್ದೇನೆ.

ಈಗ ಕಾಟದ ಕಥೆಗೆ ಬರುತ್ತೇನೆ.

ನನ್ನ ತಾಣದಲ್ಲಿ ಅತಿ ಹೆಚ್ಚು ಜನ ಬರುವುದು ದಾರ ಪದೇ ಪದೇ ಏಕೆ ತುಂಡಾಗುತ್ತದೆ ಎಂಬ ಪುಟಕ್ಕೆ. ಉದ್ದನೆಯ ಪುಟ: ಸೂಜಿ, ಮೇಲ್ದಾರದ ಟೆನ್ಷನ್, ಕೆಳದಾರ ಸುತ್ತಿದ ಬಾಬಿನ್, ದಾರದ ಗುಣಮಟ್ಟ, ಎಲ್ಲವೂ ಒಂದೇ ಕಡೆ. ಮಟೊಮೊದಲ್ಲಿ ಒಬ್ಬೊಬ್ಬ ಸಂದರ್ಶಕನ ಜಾಡನ್ನೂ ಸಾಲುಸಾಲಾಗಿ ತೋರಿಸುವ ಒಂದು ಪಟ್ಟಿ ಇದೆ. ಅದನ್ನು ತೆರೆದರೆ ಎದೆ ಧಸಕ್ಕೆಂದಿತು. ಈ ಪುಟಕ್ಕೆ ಬಂದವರಲ್ಲಿ ಹೆಚ್ಚಿನವರ ಮುಂದೆ ಸಮಯ 0 ಸೆಕೆಂಡ್. ಬಂದರು, ಹೋದರು. ಬೌನ್ಸ್ ರೇಟ್, ಅಂದರೆ ಒಂದೇ ಪುಟ ನೋಡಿ ಹೋದವರ ಪಾಲು, ಆಕಾಶದಲ್ಲಿತ್ತು.

ಉದ್ದ ನೋಡಿಯೇ ಓಡಿಹೋಗುತ್ತಿದ್ದಾರೆ ಎಂದುಕೊಂಡೆ. ಪುಟವನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ‘ಮುಂದಿನ ಪುಟ’ ಎಂಬ ಗುಂಡಿ ಇಟ್ಟೆ. ಎರಡೇ ವಾರದಲ್ಲಿ ಬೌನ್ಸ್ ರೇಟ್ ಇಳಿಯಿತು, ಸರಾಸರಿ ಸಮಯ ಏರಿತು, ಪುಟವೀಕ್ಷಣೆ ದುಪ್ಪಟ್ಟಾಯಿತು. ಗ್ರಾಫ್ ನೋಡಿ ಬೀಗಿದೆ, ಸುಳ್ಳೇಕೆ. ಆಗ ಒಬ್ಬ ಹಳೆಯ ಓದುಗರಿಂದ ಇಮೇಲ್ ಬಂತು: ‘ಕೈಗೆ ಎಣ್ಣೆ ಮೆತ್ತಿಕೊಂಡು ಕೂತಿರುತ್ತೇನೆ. ಮೊದಲು ಮೊಬೈಲನ್ನು ಪಕ್ಕಕ್ಕಿಟ್ಟು ಓದುತ್ತಿದ್ದೆ, ಈಗ ನಾಲ್ಕು ಸಲ ಒತ್ತಬೇಕು. ಏಕೆ ಹೀಗೆ ಮಾಡಿದಿರಿ?’ ಆ ವಾರವೇ ಅಂಥವು ಇನ್ನೆರಡು ಬಂದವು.

ಏಕೆ ಮಾಡಿದೆ? ಆ ಸೊನ್ನೆಯನ್ನು ನಂಬಿ. ಮಟೊಮೊ ಸಮಯವನ್ನು ಅಳೆಯುವುದು ಒಂದು ಪುಟ ತೆರೆದ ಕ್ಷಣಕ್ಕೂ ಮುಂದಿನ ಪುಟ ತೆರೆದ ಕ್ಷಣಕ್ಕೂ ಇರುವ ಅಂತರದಿಂದ. ಮುಂದಿನ ಪುಟವೇ ಇಲ್ಲದಿದ್ದರೆ ಅಂತರವೂ ಇಲ್ಲ. ಒಬ್ಬರು ಇಪ್ಪತ್ತು ನಿಮಿಷ ಓದಿ, ಯಂತ್ರ ಸರಿಮಾಡಿಕೊಂಡು, ಸಮಾಧಾನದಿಂದ ಎದ್ದುಹೋದರೂ ಲೆಕ್ಕದಲ್ಲಿ ಸೊನ್ನೆ. ನಾನು ಪುಟವನ್ನು ನಾಲ್ಕು ಮಾಡಿದಾಗ ಓದುಗರು ಹೆಚ್ಚು ಓದಲಿಲ್ಲ. ಹೆಚ್ಚು ಒತ್ತಿದರು, ಅಷ್ಟೇ. ಆ ಒತ್ತುಗಳು ಸಮಯವನ್ನು ಹುಟ್ಟಿಸಿ ಬೌನ್ಸ್ ರೇಟನ್ನು ಇಳಿಸಿದವು. ಓದುಗರಿಗೆ ಕಿರಿಕಿರಿ ಹೆಚ್ಚಿದಷ್ಟೂ ನನ್ನ ಗ್ರಾಫ್ ಚೆಂದವಾಗಿತ್ತು.

ಇದಕ್ಕೆ ಮದ್ದು ಮಟೊಮೊದಲ್ಲೇ ಇದೆ, ಆದರೆ ನಾವಾಗಿ ಹಾಕಿಕೊಳ್ಳಬೇಕು. ಪುಟದಲ್ಲಿ ಹಾಕಿರುವ ಅದರ ಎಣಿಕೆಯ ಕೋಡ್‌ಗೆ ಒಂದು ಸಾಲು ಸೇರಿಸಿದರೆ ‘ಹಾರ್ಟ್ ಬೀಟ್’ ಎಂಬ ಸೌಲಭ್ಯ ಚಾಲೂ ಆಗುತ್ತದೆ. ಪುಟ ಓದುಗರ ಕಣ್ಣೆದುರು ತೆರೆದಿರುವವರೆಗೂ ‘ಇನ್ನೂ ಇದ್ದಾರೆ’ ಎಂಬ ಸುದ್ದಿ ಸರ್ವರ್‌ಗೆ ಹೋಗುತ್ತಿರುತ್ತದೆ. ಹಾಕಿ ಒಂದು ವಾರ ಕಾದೆ. ತುಂಡು ಮಾಡದೆ ಬಿಟ್ಟಿದ್ದ ಇತರ ಉದ್ದ ಪುಟಗಳಲ್ಲಿ ಸೊನ್ನೆ ಇದ್ದ ಜಾಗಕ್ಕೆಲ್ಲ ನಾಲ್ಕು ನಿಮಿಷ, ಆರು ನಿಮಿಷ, ಒಂದು ಕಡೆ ಹದಿನೇಳು ನಿಮಿಷ ಬಂದಿತ್ತು. ಬೌನ್ಸ್ ರೇಟ್ ಇದರಿಂದ ಬದಲಾಗುವುದಿಲ್ಲ, ಒಂದೇ ಪುಟ ನೋಡಿದವರು ಅದರ ಪಾಲಿಗೆ ಬೌನ್ಸೇ. ನಾಲ್ಕು ತುಂಡುಗಳನ್ನು ಮತ್ತೆ ಒಂದು ಮಾಡಿ, ಹೊಸ ವಿಳಾಸಗಳನ್ನೆಲ್ಲ ಹಳೆಯದಕ್ಕೆ ತಿರುಗಿಸಿದೆ. ಈಗ ಬೌನ್ಸ್ ರೇಟ್ ಮತ್ತೆ ಆಕಾಶದಲ್ಲಿದೆ. ಇರಲಿ.

ಈ ಒಂದು ವಿಷಯದಲ್ಲಿ ಗೂಗಲ್ ಅನಲಿಟಿಕ್ಸ್ 4 ಮುಂದಿದೆ ಎಂದು ಹೇಳಲೇಬೇಕು. ಪುಟ ಕಣ್ಣೆದುರು ಇದ್ದ ಸಮಯವನ್ನು ಅದು ತಾನಾಗಿಯೇ ಲೆಕ್ಕ ಹಾಕುತ್ತದೆ. ಅದರ ಬೌನ್ಸ್ ರೇಟ್‌ನ ಅರ್ಥವೂ ಬೇರೆ: ಭೇಟಿ 10 ಸೆಕೆಂಡ್ ದಾಟಿದ್ದರೆ, ಎರಡು ಪುಟ ನೋಡಿದ್ದರೆ, ಅಥವಾ ನಾವು ಮುಖ್ಯವೆಂದು ಗುರುತಿಸಿದ ಕೆಲಸವೊಂದು ನಡೆದಿದ್ದರೆ ಅದು ಬೌನ್ಸ್ ಅಲ್ಲ. ನನ್ನಂಥ ತಾಣಕ್ಕೆ ಈ ವ್ಯಾಖ್ಯೆಯೇ ನ್ಯಾಯವಾದದ್ದು.

ಹಾಗಿದ್ದರೂ ಅದನ್ನು ಏಕೆ ತೆಗೆದೆ? ನನಗೆ ಹಳೆಯ ಲೆಕ್ಕ ಬೇಕು. ಗೂಗಲ್‌ನ ಉಚಿತ ಆವೃತ್ತಿಯಲ್ಲಿ ಬಿಡಿಬಿಡಿ ಸಂದರ್ಶಕರ ಮಟ್ಟದ ದತ್ತಾಂಶ ಉಳಿಯುವುದು ಮೊದಲಿಗೆ 2 ತಿಂಗಳು. ಸೆಟ್ಟಿಂಗ್ ಬದಲಾಯಿಸಿದರೆ 14 ತಿಂಗಳು. ಒಟ್ಟಾರೆ ವರದಿಗಳು ಇರುತ್ತವೆ, ಆದರೆ ಬಿಡಿಸಿ ನೋಡಲು ಹೊರಟರೆ ಈ ಗಡಿ ಎದುರಾಗುತ್ತದೆ. ಹಿಂದಿನ ಆವೃತ್ತಿ 2023ರ ಜುಲೈ 1ರಂದು ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, ಮರುವರ್ಷ ಅದರಲ್ಲಿದ್ದ ಹಳೆಯ ಲೆಕ್ಕವೂ ಹೋಯಿತು. ಮಟೊಮೊದಲ್ಲಿ ದತ್ತಾಂಶ ನನ್ನ ಡೇಟಾಬೇಸ್‌ನಲ್ಲಿದೆ, ನಾನು ಅಳಿಸುವವರೆಗೆ ಇರುತ್ತದೆ. ಗುರುತಿಗಾಗಿ ಓದುಗರ ಬ್ರೌಸರ್‌ನಲ್ಲಿ ಇಡುವ ಕುಕಿ ಇಲ್ಲದೆಯೂ ಅದನ್ನು ನಡೆಸಬಹುದು. ನಾನು ಹಾಗೆಯೇ ನಡೆಸುತ್ತಿದ್ದೇನೆ.

ಗೂಗಲ್‌ನ ಪರದೆ ದೊಡ್ಡ ಅಂಗಡಿಗಳಿಗಾಗಿ ಮಾಡಿದ್ದು. ಜಾಹೀರಾತು ಕೊಟ್ಟು ಸರಕು ಮಾರುವವರು ಬೇರೆಡೆ ನೋಡಬೇಕಿಲ್ಲ.

ಗೋಆಕ್ಸೆಸ್ ಸ್ಥಾಪಿಸಲು ಐದು ನಿಮಿಷ ಸಾಕು, ಪುಟಗಳಿಗೆ ಯಾವ ಕೋಡೂ ಬೇಡ, ತಾಣ ಒಂದು ಚೂರೂ ನಿಧಾನವಾಗುವುದಿಲ್ಲ. ಅದರ ವರದಿ ನೋಡುತ್ತ ನನಗೆ ಕೆಲವೊಮ್ಮೆ ಮೂಲ ಲಾಗನ್ನೇ ತೆರೆಯುವ ಚಟ. ಅಲ್ಲಿ ಕನ್ನಡ ವಿಳಾಸಗಳ ಪಾಡು ನೋಡಬೇಕು. ಒಂದೊಂದು ಕನ್ನಡ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಒಡೆದಿರುತ್ತದೆ, ಮೂರು ಶೇಕಡಾ ಗುರುತು, ಆರು ಅಂಕಿ-ಅಕ್ಷರ. ‘ಹೊಲಿಗೆ’ ಎಂಬ ಮೂರಕ್ಷರದ ಪದದಲ್ಲಿ ವ್ಯಂಜನ, ಸ್ವರಚಿಹ್ನೆ ಸೇರಿ ಆರು ಸಂಕೇತ, ಅಂದರೆ 54 ಚಿಹ್ನೆಗಳ ಬಾಲ. ಸಾಲು ಪರದೆಯಿಂದಾಚೆ ಹೋಗುತ್ತದೆ. ಹೊಸ ಪುಟಗಳ ವಿಳಾಸವನ್ನು ಗಿಡ್ಡ ಮಾಡಲು ನಾನು ಕಲಿತದ್ದು ಇದರಿಂದಲೇ.

ಆದರೆ ಸ್ಕ್ರಿಪ್ಟ್‌ಗಳಿಗೆ ಕಾಣದ್ದು ಲಾಗ್‌ಗೆ ಕಾಣುತ್ತದೆ. ನನ್ನ ಬಿಡಿಭಾಗಗಳ ಪಟ್ಟಿಯ ಪಿಡಿಎಫ್ ಕೊಂಡಿಯನ್ನು ಯಾರೋ ನೇರವಾಗಿ ವಾಟ್ಸ್ಆ್ಯಪ್‌ನಲ್ಲಿ ಹಂಚಿದ್ದರು. ಪುಟ ತೆರೆಯದೆ ಕಡತ ಇಳಿಸಿಕೊಂಡವರು ಮಟೊಮೊಗೂ ಸಿಗಲಿಲ್ಲ, ಗೂಗಲ್‌ಗೂ ಸಿಗಲಿಲ್ಲ. ಲಾಗ್‌ನಲ್ಲಿ ಅದು ತಿಂಗಳ ಮೊದಲ ಸ್ಥಾನದಲ್ಲಿತ್ತು. ಎರಡು ವರ್ಷದಿಂದ ತಿದ್ದದ ಪಟ್ಟಿ! ಅಂದೇ ಕೂತು ತಿದ್ದಿದೆ. 404 ದೋಷಗಳ (ಕೇಳಿದ ಪುಟವೇ ಇಲ್ಲದ ವಿಳಾಸಗಳ) ಪಟ್ಟಿಯೂ ಅಲ್ಲೇ ಚೆನ್ನಾಗಿ ಸಿಗುತ್ತದೆ.

ಮಟೊಮೊದ ಸೆರಗಿನಲ್ಲಿ ಕೆಂಡವೂ ಇದೆ. ಅಪ್‌ಡೇಟ್, ಬ್ಯಾಕಪ್, ಡೇಟಾಬೇಸ್ ಉಬ್ಬುವುದು ಎಲ್ಲವೂ ನಮ್ಮದೇ ಹೊಣೆ. ವರದಿ ತೆರೆದಾಗ ಲೆಕ್ಕ ಹಾಕುವ ಬದಲು ಹಿನ್ನೆಲೆಯಲ್ಲಿ ಗಂಟೆಗೊಮ್ಮೆ ಹಾಕುವಂತೆ ಮಾಡಿಕೊಳ್ಳಿ, ಇಲ್ಲದಿದ್ದರೆ ಡ್ಯಾಶ್‌ಬೋರ್ಡ್ ತೆರೆಯುವಷ್ಟರಲ್ಲಿ ಬೇಸರ ಬರುತ್ತದೆ. ಸ್ವಂತ ಸರ್ವರ್ ಇಲ್ಲದವರಿಗೆ ಇದನ್ನು ಹೇಳುವುದಿಲ್ಲ.

ನನಗೆ ಸರ್ವರ್ ಮೊದಲೇ ಇತ್ತು, ಆದ್ದರಿಂದ ಹೊಸ ಖರ್ಚಿಲ್ಲ. ದಿನವೂ ಅಂಕಿ ನೋಡುವ ಅಭ್ಯಾಸವೂ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕೂರುತ್ತೇನೆ. ಆ ಅರ್ಧ ಗಂಟೆಯಲ್ಲಿ ಮೊದಲು ತೆರೆಯುವುದು ತಾಣದೊಳಗಿನ ಹುಡುಕಾಟದ ವರದಿ: ಓದುಗರು ನನ್ನ ಹುಡುಕು ಪೆಟ್ಟಿಗೆಯಲ್ಲಿ ಏನೇನು ಬರೆದರು, ಯಾವುದಕ್ಕೆ ಏನೂ ಸಿಗಲಿಲ್ಲ ಎಂಬ ಪಟ್ಟಿ. ಕಳೆದ ವಾರ ಹನ್ನೊಂದು ಜನ ‘ಕೆಳದಾರ ಗಂಟು’ ಎಂದು ಹುಡುಕಿ ಬರಿಗೈಯಲ್ಲಿ ಹೋಗಿದ್ದಾರೆ. ನನ್ನ ಪುಟದಲ್ಲಿ ಅದರ ಉತ್ತರವಿದೆ, ಆದರೆ ನಾನು ಬರೆದದ್ದು ‘ಬಾಬಿನ್ ದಾರದ ಸಿಕ್ಕು’ ಎಂದು. ಶೀರ್ಷಿಕೆ ಬದಲಾಯಿಸಿದ್ದೇನೆ. ಗೂಗಲ್‌ನ ಕೋಡ್ ತೆಗೆದಾಯಿತು, ಗೋಆಕ್ಸೆಸ್ ತಿಂಗಳಿಗೊಮ್ಮೆ ಓಡುತ್ತದೆ. ಹೋದ ವರ್ಷದ ಚಂದಾದಲ್ಲಿ ಉಳಿದ ಏಳು ತಿಂಗಳ ಹಣಕ್ಕೆ ಪತ್ರ ಬರೆದಿದ್ದೆ, ಉತ್ತರ ಇನ್ನೂ ಬಂದಿಲ್ಲ.