ಅಪ್ರೂವಲ್ ಪತ್ರ ಕಣ್ಣಾರೆ ನೋಡದೆ ಯಾರ ಸಹಿಯನ್ನೂ ಹಾಕಿಸಿಕೊಳ್ಳಬೇಡಿ

ಸಂಶೋಧನೆಗೆ ಅಂತ ಜನರನ್ನು ಮಾತಾಡಿಸಿ ಡೇಟಾ ತರುವ ಕೆಲಸದವರು ಇದನ್ನು ಓದಲೇಬೇಕು. ನನ್ನ ಹೊಟ್ಟೆ ಇನ್ನೂ ಉರಿಯುತ್ತಿದೆ.

ನಮ್ಮ ಎಥಿಕ್ಸ್ ಅಪ್ರೂವಲ್, ಅಂದರೆ ಜನರನ್ನು ಬಳಸಿ ಸಂಶೋಧನೆ ಮಾಡಲು ಎಥಿಕ್ಸ್ ಕಮಿಟಿ ಕೊಡುವ ಒಪ್ಪಿಗೆ, ಒಂದು ವರ್ಷದ್ದು. ಅವಧಿ ಮುಗಿಯುವ ಮೊದಲೇ ಪ್ರಾಜೆಕ್ಟ್ ಮುಖ್ಯಸ್ಥರನ್ನು ಕೇಳಿದೆ. "ರಿನ್ಯೂವಲ್ ಪ್ರೊಸೆಸ್‌ನಲ್ಲಿದೆ, ನೀವು ಕೆಲಸ ನಿಲ್ಲಿಸಬೇಡಿ" ಅಂದರು. ಮತ್ತೆ ಕೇಳಿದೆ. "ಅದೆಲ್ಲ ಸುಮ್ನೆ ಫಾರ್ಮಾಲಿಟಿ ರೀ" ಅಂದರು. ಸರಿ ಅಂತ ಸಂದರ್ಶನ ಮುಂದುವರಿಸಿದೆ.

ಲೇಖನ ಕಳಿಸಿದಾಗ ಜರ್ನಲ್‌ನವರು ಅಪ್ರೂವಲ್ ಪತ್ರ ಕೇಳಿದರು. ಭಾಗವಹಿಸಲು ಒಪ್ಪಿ ಜನ ಸಹಿ ಹಾಕಿದ್ದ ಕನ್ಸೆಂಟ್ ಫಾರ್ಮ್‌ಗಳ ಕಟ್ಟು ಬಿಚ್ಚಿದೆ. ಮೂಲೆಯಲ್ಲಿ ಕಮಿಟಿಯ ಸೀಲು, ಅದರೊಳಗೆ ಅವಧಿ ಮುಗಿಯುವ ತಾರೀಖು. ಕೆಳಗೆ ಸಹಿ, ಆ ತಾರೀಖು ದಾಟಿದ ಮೇಲಿನದು. ಮುಂದಿನ ಫಾರ್ಮೂ ಹಾಗೇ. ಅದರ ಮುಂದಿನದೂ ಹಾಗೇ. ಹೊಸ ಪತ್ರ ಎಲ್ಲಿ ಅಂತ ಕಮಿಟಿ ಆಫೀಸಿನಲ್ಲಿ ವಿಚಾರಿಸಿದರೆ ಅರ್ಜಿಯೇ ಬಂದಿಲ್ಲ! ಬಂದೇ ಇಲ್ಲ!

ಮುಖ್ಯಸ್ಥರ ಉತ್ತರ ಕೇಳಿ: "ಪ್ರೊಸೆಸ್‌ನಲ್ಲಿದೆ ಅಂದಿದ್ದೆ, ಕೊಟ್ಟಿದ್ದೀನಿ ಅಂದಿದ್ನಾ? ಫಾರ್ಮ್ ತುಂಬಿಸ್ತಾ ಇದ್ದೆ. ಅದೂ ಪ್ರೊಸೆಸ್ಸೇ ಅಲ್ವಾ?"

ಅರ್ಜಿ ಕೊಟ್ಟಿದ್ದರೂ ಸಾಲುತ್ತಿರಲಿಲ್ಲ ಬಿಡಿ. ಅವಧಿ ಮುಗಿದರೆ ಹೊಸಬರನ್ನು ಸೇರಿಸುವುದು, ಸಂದರ್ಶನ, ರಕ್ತದ ಸ್ಯಾಂಪಲ್ ಎಲ್ಲ ನಿಲ್ಲಬೇಕು, ಹೊಸ ಪತ್ರ ಕೈಗೆ ಬರುವವರೆಗೆ. ಔಷಧಿ ಟ್ರಯಲ್‌ನಲ್ಲಿ ತಟ್ಟನೆ ನಿಲ್ಲಿಸಿದರೆ ರೋಗಿಗೆ ಅಪಾಯ ಅನ್ನುವಂತಿದ್ದರೆ, ಕಮಿಟಿ ಒಪ್ಪಿದರೆ, ಈಗಾಗಲೇ ಸೇರಿದವರಿಗೆ ಚಿಕಿತ್ಸೆ ಮುಂದುವರಿಸಬಹುದು. ನಮ್ಮದು ಬರೀ ಪ್ರಶ್ನೆ ಕೇಳುವ ಕೆಲಸ. ನಿಲ್ಲಿಸಿದ್ದರೆ ಯಾರಿಗೇನಾಗುತ್ತಿತ್ತು?

ಕಮಿಟಿಯವರು ಹೇಳಿದ್ದಿಷ್ಟು: "ಮುಂದಕ್ಕೆ ಕೊಡಬಹುದು, ಹಿಂದಿನ ತಾರೀಖಿಗೆ ಕೊಡೋಕೆ ಬರಲ್ಲ. ನಡುವಿನ ಡೇಟಾ ಬಳಸಬೇಡಿ. ಏನಾಯ್ತು ಅಂತ ವರದಿ ಕೊಡಿ." ಆ ವರದಿ ಬರೆಯುವ ಭಾಗ್ಯವೂ ನನ್ನದೇ! "ಸಹಿ ಹಾಕಿಸಿಕೊಂಡವರು ನೀವು ತಾನೇ" ಅಂದರು ಮುಖ್ಯಸ್ಥರು.

ಹೋಗಲಿ, ಜನರಿಗೆ ಏನು ಹೇಳುವುದು? ಗಂಡನ ಕಾಯಿಲೆಯ ಕಥೆಯನ್ನು ಅಳುತ್ತಲೇ ಹೇಳಿದ್ದ ಒಬ್ಬ ಹೆಂಗಸಿಗೆ ಫೋನ್ ಮಾಡಿ, ನೀವು ಹೇಳಿದ್ದನ್ನು ಬಳಸುವ ಹಾಗಿಲ್ಲ ಅಂದೆ. "ಮತ್ತೆ ಯಾಕೆ ಕೇಳಿದ್ರಿ?" ಅಂದರು. ನಾಚಿಕೆಯಿಂದ ಮಾತೇ ಹೊರಡಲಿಲ್ಲ. ಈ ಫೋನನ್ನೂ ಮುಖ್ಯಸ್ಥರು ಮಾಡಲಿಲ್ಲ, ನಾನೇ ಮಾಡಬೇಕಾಯಿತು.

ಬಾಯಿಮಾತು ನಂಬಬೇಡಿ. ಮೇಲ್‌ನಲ್ಲೇ ಕೇಳಿ, ಉತ್ತರ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಕಮಿಟಿ ಆಫೀಸನ್ನೇ ನೇರವಾಗಿ ಕೇಳಿ. ಮುಖ್ಯಸ್ಥರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿರಬೇಡಿ. ನಮ್ಮವರು ಈಗ ಮುಂದಿನ ಪ್ರಾಜೆಕ್ಟಿಗೆ ಹೊಸ ಹುಡುಗರನ್ನು ಹುಡುಕುತ್ತಿದ್ದಾರಂತೆ.